ಮೃದಂಗದ ಮನೆಯ ಅಳಿಯ ಬೊಂಗೊ ಕಲಿತದ್ದು

ಸಂಗೀತದ ಮೇಲಿನ ಪ್ರೀತಿಯಿಂದ ವಾದ್ಯ ಕಲಿಯುವವರು ಇದ್ದಾರಂತೆ. ಅವರಿಗೆ ನನ್ನ ನಮಸ್ಕಾರ. ನನ್ನನ್ನು ಮಾತ್ರ ದಯವಿಟ್ಟು ಅವರ ಸಾಲಿನಲ್ಲಿ ಕೂರಿಸಬೇಡಿ. ನಲವತ್ತೊಂದನೆಯ ವಯಸ್ಸಿನಲ್ಲಿ, ಮುಂದಲೆಯ ಕೂದಲೆಲ್ಲ ಉದುರಿದಮೇಲೆ, ನಾನು ಬೊಂಗೊ ಬಾರಿಸಲು ಕೂತದ್ದು ಮನೆಯಲ್ಲಿ ಏನಾದರೂ ಒಂದು ಸದ್ದು ಬೇಕಾಗಿತ್ತು ಅನ್ನುವ ಒಂದೇ ಕಾರಣಕ್ಕೆ. ಬೇರೆಯವರಾಗಿದ್ದರೆ ರೇಡಿಯೊ ತರುತ್ತಿದ್ದರು, ಇಲ್ಲವೆ ನಾಯಿ ಸಾಕುತ್ತಿದ್ದರು. ನನ್ನ ಹಣೆಯಲ್ಲಿ ಬೊಂಗೊ ಬರೆದಿತ್ತು. ಈಗಲೂ ಮದುವೆ ಮನೆಗಳಲ್ಲಿ ನೆಂಟರು ನನ್ನನ್ನು ಹೊಸಬರಿಗೆ ತೋರಿಸಿ, "ಇವರು ಇಂಗ್ಲಿಷ್ ಡೋಲು ಬಾರಿಸ್ತಾರೆ" ಅನ್ನುತ್ತಾರೆ. ಹೊಸಬರು ನಗುತ್ತಾರೆ. ನಾನೂ ನಗುತ್ತೇನೆ. ನಗುವಂಥ ವಿಷಯ ಅದಾಗಿರಲಿಲ್ಲ ಎಂದು ಊಟದ ಎಲೆಯ ಮುಂದೆ ಕೂತು ಹೇಳುವುದು ಹೇಗೆ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇದು ರಾಜಾಜಿನಗರ ಇನ್ನೂ ಹೊಸದಾಗಿದ್ದ ಕಾಲದ ಮಾತು. ಹೊಸದು ಎಂದರೆ ಚೆಂದ ಎಂದು ತಿಳಿಯಬೇಡಿ. ರಸ್ತೆಗಳಿಗೆ ಜಲ್ಲಿ ಸುರಿದಿದ್ದರು, ಟಾರು ಬಂದಿರಲಿಲ್ಲ. ನಮ್ಮ ಬೀದಿಯಲ್ಲಿ ಒಂಬತ್ತು ಮನೆಗಳಿದ್ದುವು, ಅದರಲ್ಲಿ ಐದಕ್ಕೆ ಇನ್ನೂ ಜನ ಬಂದಿರಲಿಲ್ಲ. ಮನೆಯ ಹಿಂದೆ ಲಂಟಾನದ ಪೊದೆ, ಅದರಾಚೆಗೆ ಕೇತಮಾರನಹಳ್ಳಿಯವರ ರಾಗಿ ಹೊಲ. ಸಂಜೆ ಕಚೇರಿಯಿಂದ ಬಂದು ಬಸ್ಸಿನಿಂದ ಇಳಿದರೆ, ಆ ಬಸ್ಸು ಹೊರಟುಹೋದಮೇಲೆ ಕಿವಿಗೆ ಬೀಳುತ್ತಿದ್ದದ್ದು ನನ್ನ ಚಪ್ಪಲಿಯ ಸದ್ದೊಂದೇ. ನಮಗೆ ಮಕ್ಕಳಾಗಲಿಲ್ಲ. ಆ ಎರಡು ಕೋಣೆಯ ಮನೆಯಲ್ಲಿ ಮಾತು ಎಂಬುದು ಹುಟ್ಟಬೇಕಾದರೆ ನಾನು ಹುಟ್ಟಿಸಬೇಕು, ಇಲ್ಲವೆ ನನ್ನ ಹೆಂಡತಿ ಕಮಲ ಹುಟ್ಟಿಸಬೇಕು. ಕಮಲ ಮಾತಿನ ಮಲ್ಲಿ. ಸೊಪ್ಪಿನವಳ ಸೊಸೆಗೆ ಎಷ್ಟು ತಿಂಗಳು ಎನ್ನುವುದರಿಂದ ಹಿಡಿದು ಮೋಡ ಯಾವ ಕಡೆಯಿಂದ ಬಂತು ಎನ್ನುವ ತನಕ ನನಗೆ ಊಟದ ಜೊತೆಗೇ ಬಡಿಸುತ್ತಿದ್ದಳು. ನಾನು "ಹೂಂ" ಅನ್ನುತ್ತಿದ್ದೆ. ಹದಿನೇಳು ವರ್ಷ ಹಾಗೆ "ಹೂಂ" ಅಂದುಕೊಂಡೇ ಸಂಸಾರ ಮಾಡಿದೆ. ಆ ಮಾತು ನಿಂತುಹೋಗಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

ನಿಂತದ್ದು ನನ್ನಿಂದ. ಅದನ್ನೂ ಹೇಳಿಬಿಡುತ್ತೇನೆ.

ಕಮಲನ ತಂದೆ ಮಾಗಡಿಯವರು. ಹರಿಕಥೆಗಳಿಗೆ ಮೃದಂಗ ನುಡಿಸುತ್ತಿದ್ದರು. ದೊಡ್ಡ ವಿದ್ವಾಂಸರೆಂದು ಹೆಸರಾಗಿರಲಿಲ್ಲ, ಆದರೆ ಸುತ್ತಿನ ಹಳ್ಳಿಗಳಲ್ಲಿ ಅವರಿಲ್ಲದೆ ಕಥೆ ಏಳುತ್ತಿರಲಿಲ್ಲ. ಮಗನಿಗೆ ಎಷ್ಟು ಹೇಳಿಕೊಟ್ಟರೂ ಹತ್ತಲಿಲ್ಲ. ಮಗಳಿಗೆ ಹೇಳಿಕೊಡಲಿಲ್ಲ, ಹೆಣ್ಣುಮಕ್ಕಳು ಮೃದಂಗ ಮುಟ್ಟುವ ಕಾಲ ಅದಲ್ಲ. ಮುಟ್ಟದೆಯೇ ಅವಳಿಗೆ ಎಲ್ಲ ಬಂದುಬಿಟ್ಟಿತ್ತು. ಅಕ್ಕಿ ಆರಿಸುವಾಗ ಮೊರದ ಅಂಚಿನ ಮೇಲೆ ಅವಳ ಬೆರಳುಗಳು ತಮ್ಮಷ್ಟಕ್ಕೆ ತಾವೇ ಲೆಕ್ಕ ಹಾಕುತ್ತಿದ್ದುವು. ನನ್ನ ಸಂಗತಿ ಬೇರೆ. ನಮ್ಮ ಮದುವೆಯ ಸಂಜೆ ಮಾವನವರು ಸಂತೋಷದಲ್ಲಿ ಒಂದು ಗಂಟೆ ನುಡಿಸಿದರು, ನಾನು ಮಣೆಯ ಮೇಲೆ ಕೂತೇ ನಿದ್ದೆ ಮಾಡಿದೆ. ಅವರು ಮಾರನೆಯ ದಿನ ನಾಲ್ಕು ಜನರ ಮುಂದೆ, "ಅಳಿಯಂದಿರಿಗೆ ದೇವರು ಕಿವಿ ಕೊಟ್ಟಿರೋದು ಕನ್ನಡಕ ಸಿಕ್ಕಿಸೋಕೆ" ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಹುಡುಗುತನ. ಒಂದೆರಡು ವರ್ಷ ಬಿಗುವಾಗಿದ್ದೆ, ಆಮೇಲೆ ಮರೆತೆ. ಮರೆತೆ ಎಂದು ನನಗೆ ಗೊತ್ತಿತ್ತು. ಬೇರೆಯವರಿಗೆ ಗೊತ್ತಿತ್ತೋ ಇಲ್ಲವೋ.

ಶ್ರಾವಣದ ಒಂದು ಬುಧವಾರ ಕಮಲನ ಅಣ್ಣನಿಂದ ಕಾಗದ ಬಂತು. ಹೊಸ ಬಡಾವಣೆಯಲ್ಲಿ ಮನೆ ನಂಬರು ಇನ್ನೂ ಗೊತ್ತಾಗಿ ನಿಂತಿರಲಿಲ್ಲವಾದ್ದರಿಂದ ನಮ್ಮ ಕಾಗದಗಳೆಲ್ಲ ನನ್ನ ಕಚೇರಿಯ ವಿಳಾಸಕ್ಕೆ ಬರುತ್ತಿದ್ದುವು. "ಅಪ್ಪನಿಗೆ ಮೈ ಸರಿಯಿಲ್ಲ. ಕಮಲನ್ನು ಕೇಳುತ್ತಿದ್ದಾರೆ. ಕೂಡಲೇ ಕಳಿಸಿಕೊಡಿ." ಇಷ್ಟೇ ಇತ್ತು. ನಾನು ಓದಿ ಮಡಿಸಿ ಕೋಟಿನ ಒಳಜೇಬಿನಲ್ಲಿಟ್ಟುಕೊಂಡೆ. ಶುಕ್ರವಾರ ನಮ್ಮ ಕಚೇರಿಗೆ ಇನ್‌ಸ್ಪೆಕ್ಷನ್ ಇತ್ತು, ಶನಿವಾರ ಮಧ್ಯಾಹ್ನ ಇಬ್ಬರೂ ಹೋದರಾಯಿತು ಅಂದುಕೊಂಡೆ. ಜೊತೆಗೆ, ಮಾವನವರಿಗೆ ಹಿಂದೆ ಎರಡು ಸಲ ಹೀಗೆಯೇ ಆಗಿ, ಕಮಲ ಅಳುತ್ತಾ ಓಡಿ ಹೋಗಿ ನೋಡಿದರೆ ಅವರು ಜಗುಲಿಯ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದರು. ಇನ್ನೊಂದು ಕಾರಣವೂ ಇತ್ತು. ಅದನ್ನು ಆಮೇಲೆ ಹೇಳುತ್ತೇನೆ, ಈಗಲೇ ಹೇಳಿದರೆ ನೀವು ಮುಂದಕ್ಕೆ ಓದಲಿಕ್ಕಿಲ್ಲ. ಬುಧವಾರ, ಗುರುವಾರ ಕಮಲ ಬಡಿಸುತ್ತಾ ಎಂದಿನಂತೆ ಮಾತಾಡಿದಳು. ನಾನು ಎಂದಿನಂತೆ "ಹೂಂ" ಅಂದೆ. ಶುಕ್ರವಾರ ಹನ್ನೊಂದು ಗಂಟೆಗೆ, ಇನ್‌ಸ್ಪೆಕ್ಷನ್ ನಡೆಯುತ್ತಿರುವಾಗಲೇ, ತಂತಿ ಬಂತು.

ಮಾಗಡಿ ನಮ್ಮ ಮನೆಯಿಂದ ಎರಡು ಗಂಟೆಯ ದಾರಿ. ಕಾಶಿಯಲ್ಲ, ರಾಮೇಶ್ವರವಲ್ಲ. ಬ್ಯಾಡರಹಳ್ಳಿ ದಾಟಿ ಗುಡ್ಡಗಳು ಕಾಣಿಸಿಕೊಳ್ಳುವಷ್ಟರಲ್ಲಿ ಕಮಲ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನಾವು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಗಂಡಸರು ಆಗಲೇ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಕೂತಿದ್ದರು. ಅವಳಣ್ಣ ನನ್ನನ್ನು ನೋಡಿ, "ಭಾವ, ನನ್ನ ಕಾಗದ ಸಿಗಲಿಲ್ವಾ?" ಅಂದ. ನಾನು "ಅಂಚೆಯಲ್ಲಿ ಏನೋ..." ಎಂದು ಏನನ್ನೋ ನುಂಗಿದೆ. ನಾನು ಸ್ನಾನಕ್ಕೆ ಹೋದಾಗ ಕೋಟು ಗೂಟಕ್ಕೆ ನೇತುಹಾಕಿದ್ದೆ. ತಲೆ ಒರೆಸಿಕೊಂಡು ಬಂದಾಗ ಅವಳು ಕೋಟಿನ ಮುಂದೆ ನಿಂತು ಆ ಕಾಗದ ಓದುತ್ತಿದ್ದಳು. ಓದಿ ಮುಗಿಸಿದಳು. ಮೊದಲಿದ್ದ ಮಡಿಕೆಗಳಲ್ಲೇ ಮಡಿಸಿದಳು. ಅದೇ ಒಳಜೇಬಿಗೆ ಇಟ್ಟು, ಮೇಲಿನಿಂದ ಕೈಯಾಡಿಸಿ ಸರಿಮಾಡಿದಳು. ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಮನೆಯಲ್ಲಿ ಮಾತಿಲ್ಲ. ಪೂರ್ತಿ ಇಲ್ಲ ಎಂದರೆ ತಪ್ಪಾಗುತ್ತದೆ. "ಎಲೆ ಹಾಕಿದೆ." "ನೀರು ಬಂತು." "ಸೀಮೆಎಣ್ಣೆ ಆಯ್ತು." ದಿನಕ್ಕೆ ಮೂರೋ ನಾಲ್ಕೋ. ಅನ್ನ, ಸಾರು, ಪಲ್ಯ, ಮಡಿಸಿದ ಷರಟು, ಯಾವುದಕ್ಕೂ ಕೊರತೆಯಿಲ್ಲ. ಜಗಳವಾಡಿದ್ದರೆ ನಾನೂ ಎದುರಾಡಿ ಗೆಲ್ಲುತ್ತಿದ್ದೆ, ಇಲ್ಲವೆ ಸೋಲುತ್ತಿದ್ದೆ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಇದಕ್ಕೆ ಏನು ಮಾಡಬೇಕೆಂದು ಯಾವ ಮೇಲಧಿಕಾರಿಯನ್ನು ಕೇಳುವುದು? ನಾನೇ ಸೊಪ್ಪಿನವಳ ಸೊಸೆಯ ಸುದ್ದಿ ತೆಗೆದೆ. ಅವಳು "ಹೂಂ" ಅಂದಳು. ಹದಿನೇಳು ವರ್ಷ ನಾನು ಅಂದ "ಹೂಂ" ಎಷ್ಟು ತಣ್ಣಗಿತ್ತು ಎಂದು ಆವತ್ತು ಗೊತ್ತಾಯಿತು.

ಮನೆಗೆ ಹೋಗಲು ಹೆದರಿ ಕಚೇರಿಯಲ್ಲೇ ಕೂರತೊಡಗಿದೆ. ಐದೂವರೆ ಆದರೂ ಕಡತ ತಿರುವಿಹಾಕುತ್ತಿದ್ದೆ. ಹಾಗೆ ಕೂತಿರುತ್ತಿದ್ದ ಇನ್ನೊಬ್ಬ ಎಂದರೆ ಟಪಾಲು ವಿಭಾಗದ ಆಲ್ಬರ್ಟ್. ಆಂಗ್ಲೋ ಇಂಡಿಯನ್ನರವನು, ಮಾಗಡಿ ರಸ್ತೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಣ್ಣನ ಜೊತೆ ಇದ್ದ. ಮದುವೆಯಾಗಿರಲಿಲ್ಲ. ಹಿಂದೆ ಕಂಟೋನ್ಮೆಂಟಿನಲ್ಲಿ ಒಂದು ಬ್ಯಾಂಡಿನಲ್ಲಿ ಬಾರಿಸುತ್ತಿದ್ದನಂತೆ. ಬ್ಯಾಂಡಿನವರು ಒಬ್ಬೊಬ್ಬರಾಗಿ ಹಡಗು ಹತ್ತಿ ಹೊರಟುಹೋಗಿ, ಕೊನೆಗೆ ಉಳಿದವನು ಇವನೊಬ್ಬ. ಒಬ್ಬನೇ ಇರುವ ಬ್ಯಾಂಡನ್ನು ಯಾರು ಕರೆಸುತ್ತಾರೆ? ಎಲ್ಲರೂ ಹೋದಮೇಲೆ ಅವನು ತನ್ನ ಮೇಜಿನ ಕೆಳಗಿನಿಂದ ಜೋಡಿ ಡೋಲೊಂದನ್ನು ತೆಗೆದು, ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಬೆರಳುಗಳಿಂದ ಬಾರಿಸುತ್ತಿದ್ದ. ಯುದ್ಧದ ಕಾಲದಲ್ಲಿ ಸೋಲ್ಜರ್ ಒಬ್ಬ ಬಿಟ್ಟುಹೋದದ್ದಂತೆ. ಅದೇ ಬೊಂಗೊ.

"ಏನ್ ಮ್ಯಾನ್, ನೀನು ಮನೆಗೆ ಹೋಗಲ್ಲ?" ಅಂದ ಒಂದು ದಿನ.

"ಹೋಗ್ಬೇಕು" ಅಂದೆ.

"ನಾನೂ ಹೋಗ್ಬೇಕು" ಅಂದು ಬಾರಿಸುತ್ತಲೇ ಇದ್ದ. ಸ್ವಲ್ಪ ಹೊತ್ತಾದಮೇಲೆ ನನ್ನ ಕಡೆಗೆ ಅದನ್ನು ತಳ್ಳಿ, "ಟ್ರೈ ಮಾಡು. ಯಾರೂ ಇಲ್ಲ" ಅಂದ.

ಎರಡು ಡೋಲುಗಳಲ್ಲಿ ಒಂದು ದೊಡ್ಡದು, ಒಂದು ಚಿಕ್ಕದು. ಅದು ಹುಟ್ಟಿದ ದೇಶದಲ್ಲಿ ದೊಡ್ಡದನ್ನು ಹೆಣ್ಣು, ಚಿಕ್ಕದನ್ನು ಗಂಡು ಅನ್ನುತ್ತಾರೆ ಎಂದು ಆಲ್ಬರ್ಟ್ ಹೇಳಿದ. ಕಂಡುಹಿಡಿದವರು ಸಂಸಾರಸ್ಥರೇ ಇರಬೇಕು. ಮೊದಲ ಪಾಠ ಎಂಟು ಪೆಟ್ಟಿನದು. ಎಂಟರಲ್ಲಿ ಏಳು ಪೆಟ್ಟು ಚಿಕ್ಕದರ ಮೇಲೆ ಟಕಟಕ ಎಂದು ಬೀಳಬೇಕು, ಒಂದೇ ಒಂದು ದೊಡ್ಡದರ ಮೇಲೆ ದುಂ ಎಂದು. ನನ್ನ ಮನೆಯ ಆಗಿನ ಸ್ಥಿತಿಗೆ ಇದಕ್ಕಿಂತ ಹೊಂದುವ ವಾದ್ಯ ಇರಲಿಲ್ಲ. ಆದರೆ ನನ್ನ ಬಲಗೈ ಮಾಡುವುದು ಎಡಗೈಗೆ ಗೊತ್ತಾಗುವಷ್ಟರಲ್ಲಿ ಒಂದು ಪೆಟ್ಟು ಕಳೆದುಹೋಗುತ್ತಿತ್ತು. ಆಲ್ಬರ್ಟ್ ಬೈಯಲಿಲ್ಲ. ಎಂಟರವರೆಗೆ ಎಣಿಸುತ್ತಾ ಎದುರಿಗೆ ಕೂತಿರುತ್ತಿದ್ದ. ಶನಿವಾರ ಮಧ್ಯಾಹ್ನಗಳೆಲ್ಲ ಹೀಗೆ ಕಳೆದುವು. ಎರಡು ತಿಂಗಳ ಮೇಲೆ, "ಮನೆಗೆ ತಗೊಂಡು ಹೋಗು ಮ್ಯಾನ್. ದಿನಾ ಒಂದು ಗಂಟೆ ಮಾಡದೆ ಇದ್ರೆ ನಿಂಗೆ ಬರಲ್ಲ" ಅಂದ. ದಿನಾ ಮಾಡಿದರೂ ಬರುವುದಿಲ್ಲ ಎಂದು ಅವನಿಗೆ ಗೊತ್ತಿದ್ದಿರಬೇಕು. ಒಳ್ಳೆಯವನು, ಹೇಳಲಿಲ್ಲ.

ಈಗ ನನ್ನ ಬುದ್ಧಿಯನ್ನು ನೋಡಿ. ಮೃದಂಗ ನುಡಿಸುತ್ತಿದ್ದ ತಂದೆಯನ್ನು ಕಳೆದುಕೊಂಡು, ಕೊನೆಗಾಲಕ್ಕೆ ಮುಖ ನೋಡಲೂ ಆಗದೆ ಮೂಕಿಯಾಗಿ ಕೂತ ಹೆಂಗಸಿನ ಮನೆಗೆ, ಆ ಮುಖ ನೋಡಲು ಬಿಡದ ಗಂಡ ಒಂದು ಜೋಡಿ ಡೋಲು ಹೊತ್ತುಕೊಂಡು ಹೋಗುತ್ತಾನೆ. ತಾಳ ತಪ್ಪಿ ಬಾರಿಸುತ್ತಾನೆ. ಅದು ಅವಳ ಕಿವಿಗೆ ಹೇಗೆ ಕೇಳಿಸೀತು ಎಂದು ಅವನಿಗೆ ಒಂದು ಕ್ಷಣವೂ ಅನ್ನಿಸುವುದಿಲ್ಲ. ನನಗೆ ಅನ್ನಿಸಿದ್ದು ಒಂದೇ: ಸದ್ಯ, ಮನೆಯಲ್ಲಿ ಸದ್ದಾಗುತ್ತದೆ.

ಕಷ್ಟ ಇನ್ನೊಂದಿತ್ತು. ಬೊಂಗೊದ ಚರ್ಮವನ್ನು ಮೊಳೆ ಹೊಡೆದು ಬಿಗಿದಿರುತ್ತಾರೆ. ತಂಡಿ ಹಿಡಿದರೆ ಅದು ಸಡಿಲವಾಗಿ, ಒದ್ದೆ ಗೋಣಿಯ ಮೇಲೆ ಹೊಡೆದಂತೆ ಕೇಳುತ್ತದೆ. ಬೆಂಕಿಯ ಹತ್ತಿರ ಹಿಡಿದು ಕಾಯಿಸಬೇಕು. ಬೆಂಕಿ ಇದ್ದದ್ದು ಅಡುಗೆಮನೆಯಲ್ಲಿ, ಕಮಲನ ಇದ್ದಿಲು ಒಲೆಯಲ್ಲಿ. ದಿನಾ ಸಂಜೆ ಆ ತೊಗಲಿನ ಡೋಲನ್ನು ಎತ್ತಿಕೊಂಡು ನಾನು ಹೊಸಿಲ ಮೇಲೆ ನಿಲ್ಲುತ್ತಿದ್ದೆ. ಅವಳು ಸಾರಿನ ಪಾತ್ರೆ ಇಳಿಸಿ ಪಕ್ಕಕ್ಕೆ ಸರಿಯುತ್ತಿದ್ದಳು. ನಾನು ಕುಕ್ಕರುಗಾಲಲ್ಲಿ ಕೂತು ಕೂಸಿಗೆ ಶಾಖ ಕೊಟ್ಟ ಹಾಗೆ ಕೊಡುತ್ತಿದ್ದೆ. ಮೊದಲನೆಯ ವಾರ ಚರ್ಮವನ್ನು ತೀರಾ ಹತ್ತಿರ ಹಿಡಿದಿದ್ದಾಗ, ಅವಳು ಮಾತಿಲ್ಲದೆ ಇಕ್ಕಳದ ತುದಿಯಿಂದ ನನ್ನ ಮೊಣಕೈಯನ್ನು ಒಂದು ಗೇಣು ಹಿಂದಕ್ಕೆ ತಳ್ಳಿದಳು. ಅಷ್ಟಕ್ಕೇ ನಾನು ಆ ವಾರವೆಲ್ಲ ಖುಷಿಯಾಗಿದ್ದೆ. ಮನುಷ್ಯ ಎಷ್ಟರಲ್ಲಿ ಬದುಕುತ್ತಾನೆ!

ರಾಗಿ ಕಟಾವಿನ ಕಾಲ ಬಂತು. ಒಂದು ಭಾನುವಾರ ಬೆಳಿಗ್ಗೆ ನಾನು ಬಾಗಿಲ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಕೂತು ಬಾರಿಸುತ್ತಿದ್ದೆ. ಹಿಂದಿನ ಹೊಲದ ಮುನಿಯಪ್ಪ ಎರಡು ಎತ್ತು ಹೊಡೆದುಕೊಂಡು ಬಂದ. ಎಪ್ಪತ್ತರ ಹತ್ತಿರದ ಮುದುಕ. ಈ ಬಡಾವಣೆಗೆ ಹೋದ ನೆಲದಲ್ಲಿ ಅವನದೂ ಸ್ವಲ್ಪ ಇತ್ತು. ನಮ್ಮ ಗೇಟಿನ ಮುಂದೆ ಎತ್ತು ನಿಲ್ಲಿಸಿ, ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತ. ಕೇಳಲೋ ಬೇಡವೋ ಎಂದು ಸ್ವಲ್ಪ ಹೊತ್ತು ನೋಡಿದ.

"ಸ್ವಾಮೀ, ತಪ್ಪು ತಿಳೀಬ್ಯಾಡಿ" ಅಂದ. "ಹದಿನೈದು ದಿನದಿಂದ ಕೇಳ್ತಾ ಇವ್ನಿ. ಮನೇಲಿ ಯಾರಾನಾ ತೀರ್ಕಂಡ್ರಾ?"

ಅವರ ಹಳ್ಳಿಯಲ್ಲಿ ಸಾವಾದಾಗ ಮನೆಯ ಮುಂದೆ ತಮಟೆ ಬಡಿಯುತ್ತಾರೆ. ನನ್ನ ಕೈ ಅವನಿಗೆ ಹಾಗೆ ಕೇಳಿಸಿತ್ತು. ಇನ್ನೊಂದು ದಿನವಾಗಿದ್ದರೆ ನಾನು ನಕ್ಕು, ಇದು ಇಂಗ್ಲಿಷ್ ವಾದ್ಯ ಎಂದು ವಿವರಿಸುತ್ತಿದ್ದೆ. ಆದರೆ ಬಾಗಿಲಲ್ಲಿ ಕಮಲ ನಿಂತಿದ್ದಳು, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು.

"ಹೌದು" ಅಂದೆ. "ನಮ್ಮ ಮಾವನವರು ತೀರಿಕೊಂಡರು."

"ಯಾವಾಗ ಸ್ವಾಮಿ?"

"ನಾಲ್ಕು ತಿಂಗಳಾಯ್ತು."

ಮುದುಕ ಲೆಕ್ಕ ತಿಳಿಯದವನಂತೆ ನನ್ನನ್ನೊಮ್ಮೆ, ಡೋಲನ್ನೊಮ್ಮೆ ನೋಡಿದ. ಆಮೇಲೆ ಕಮಲನ ಕಡೆಗೆ ತಿರುಗಿ ಕೈಮುಗಿದು, "ಒಳ್ಳೇ ಜೀವ ಇರ್ಬೇಕವ್ವ, ಇಷ್ಟು ದಿನ ಬಡೀತಾ ಅವ್ರೆ" ಅಂದು ಎತ್ತು ಹೊಡೆದುಕೊಂಡು ಹೋದ.

ನಾನು ಡೋಲನ್ನು ಕೆಳಗಿಟ್ಟೆ. ಕಮಲ ಒದ್ದೆ ಬಟ್ಟೆಯನ್ನು ತಂತಿಗೆ ಹಾಕಲಿಲ್ಲ. ಅಲ್ಲೇ ಹೊಸಿಲ ಮೇಲೆ ಕುಸಿದು ಕೂತು, ನಾಲ್ಕು ತಿಂಗಳ ಮೇಲೆ ಮೊದಲನೆಯ ಸಲ ನನ್ನ ಮುಖ ನೋಡಿದಳು.

"ಆ ಕಾಗದ ಯಾಕೆ ಕೊಡ್ಲಿಲ್ಲ ನೀವು?"

"ಇನ್‌ಸ್ಪೆಕ್ಷನ್ ಇತ್ತು, ಕಮಲಾ."

"ಇನ್‌ಸ್ಪೆಕ್ಷನ್ ನಿಮಗೆ ಇದ್ದಿದ್ದು. ನಾನೊಬ್ಬಳೇ ಬಸ್ ಹತ್ಕೊಂಡು ಹೋಗ್ತಿದ್ದೆ."

"ಹಿಂದೆ ಎರಡು ಸಲ ಏನೂ ಆಗಿರ್ಲಿಲ್ಲವಲ್ಲ, ಅದಕ್ಕೆ..."

"ಮೂರನೇ ಸಲಾನೂ ಏನೂ ಆಗದೆ ಇದ್ದಿದ್ರೆ ಅವರ ಜೊತೆ ಕೂತು ಅವಲಕ್ಕಿ ತಿಂದು ಬರ್ತಿದ್ದೆ." ಅವಳ ದನಿ ಏರಲಿಲ್ಲ. "ಮದುವೇಲಿ ಅಪ್ಪ ನಿಮ್ಮ ಕಿವಿ ವಿಷಯ ಅಂದಿದ್ದನ್ನ ಇನ್ನೂ ಮನಸ್ಸಿನಲ್ಲಿ ಇಟ್ಕೊಂಡಿದ್ರಾ? ಆ ಹಗೆಗಾ?"

ಓದುಗರೇ, ಆಗ ನನಗೊಂದು ಆಸೆಯಾಯಿತು. ಹೌದು ಎಂದುಬಿಡಲೇ ಎನ್ನಿಸಿತು. ಹದಿನೇಳು ವರ್ಷ ಅವಮಾನ ಮರೆಯದವನು ಎಂದರೆ ಅದರಲ್ಲಿ ಒಂದು ಗಾಂಭೀರ್ಯವಾದರೂ ಇರುತ್ತದೆ. ಆದರೆ ನಿಜವಾದ ಕಾರಣ ಅದಲ್ಲ. ಆಮೇಲೆ ಹೇಳುತ್ತೇನೆ ಎಂದಿದ್ದೆನಲ್ಲ, ಅದು ಇದು:

"ಇಲ್ಲ" ಅಂದೆ. "ನೀನು ಹೋದ್ರೆ ಅಡುಗೆ ನಾನೇ ಮಾಡ್ಕೋಬೇಕಲ್ಲ ಅಂತ."

ಕಮಲ ರೆಪ್ಪೆ ಬಡಿಯದೆ ನೋಡಿದಳು. "ಅಷ್ಟಕ್ಕಾ?"

"ಅಷ್ಟಕ್ಕೇ. ಹೋಟೆಲ್ ಊಟ ನನಗೆ ಆಗಲ್ಲ. ಮೂರು ದಿನ ತಾನೇ, ಶನಿವಾರ ಹೋದ್ರಾಯ್ತು ಅಂದ್ಕೊಂಡೆ."

"ನಾಲ್ಕು ತಿಂಗಳಿಂದ ಹಗೆ ಅಂದ್ಕೊಂಡಿದ್ದೆ" ಅಂದಳು. "ಅಪ್ಪನ ಮೇಲೆ ಇವರಿಗೆ ಇಷ್ಟು ಹಗೆ ಇತ್ತಾ ಅಂತ ದಿನಾ ಯೋಚ್ನೆ ಮಾಡ್ತಿದ್ದೆ. ಹಗೇನೇ ಆಗಿದ್ರೆ ವಾಸಿಯಾಗಿತ್ತು."

ಬಟ್ಟೆಯನ್ನು ತಂತಿಗೆ ಹರವಿದಳು. ಮಧ್ಯಾಹ್ನ ಬಡಿಸಿದಳು. ಮಾರನೆಯ ದಿನ ಬೆಳಿಗ್ಗೆ, ನಾನು ಕಚೇರಿಗೆ ಹೊರಡುವ ಹೊತ್ತಿಗೆ, ಅವಳೂ ಒಂದು ಚೀಲ ಹಿಡಿದು ಹೊರಟು ನಿಂತಿದ್ದಳು. "ಅಮ್ಮನ ಹತ್ರ ಹೋಗ್ತೀನಿ" ಅಂದಳು. ಯಾವಾಗ ಬರ್ತೀಯ ಎಂದು ಕೇಳುವ ಹಕ್ಕು ನನಗಿದೆ ಎಂದು ಅನ್ನಿಸಲಿಲ್ಲ. ಮಾಗಡಿ ಬಸ್ಸು ಬರುವ ತನಕ ಜೊತೆಯಲ್ಲಿ ನಿಂತೆ. ಅದು ಬೇಗನೇ ಬಂತು.

ಆಮೇಲಿನ ದಿನಗಳ ವರ್ಣನೆ ಬೇಡ. ಅನ್ನ ಮಾಡುವುದು ಕಷ್ಟವೇನಲ್ಲ, ಮೂರು ದಿನದಲ್ಲಿ ಬಂದುಬಿಟ್ಟಿತು. ಅದೇ ನನ್ನನ್ನು ಹೆಚ್ಚು ಕುಗ್ಗಿಸಿತು. ಇಷ್ಟು ಸುಲಭದ ಕೆಲಸವನ್ನು ತಪ್ಪಿಸಿಕೊಳ್ಳಲು ಏನು ಮಾಡಿದೆ ಎಂದು ಗಂಜಿ ಬಸಿಯುವಾಗಲೆಲ್ಲ ನೆನಪಾಗುತ್ತಿತ್ತು. ಬೊಂಗೊ ಮುಟ್ಟಲು ಮನಸ್ಸಾಗಲಿಲ್ಲ. ಆಲ್ಬರ್ಟನಿಗೆ ಹಿಂದಿರುಗಿಸಲೆಂದು ಕಚೇರಿಗೆ ತೆಗೆದುಕೊಂಡು ಹೋದರೆ, ಅವನಿಗೂ ಹಡಗಿನ ಟಿಕೇಟು ಬಂದಿತ್ತು. ಇಂಗ್ಲೆಂಡಿನಲ್ಲಿ ಅವನ ಅಕ್ಕ ಇದ್ದಳಂತೆ. ಅವನು ಅವಳನ್ನು ನೋಡಿ ಒಂಬತ್ತು ವರ್ಷವಾಗಿತ್ತಂತೆ.

"ಅಲ್ಲಿ ನನ್ನ ಹತ್ರ ಇದನ್ನ ಯಾರು ಕೇಳ್ತಾರೆ ಮ್ಯಾನ್?" ಅಂದ. "ನೀನೇ ಇಟ್ಕೋ. ಎಂಟು ಸರಿಯಾಗಿ ಬಂದ ದಿನ ನಂಗೆ ಕಾಗದ ಬರಿ."

ನಾನು ಇನ್ನೂ ಬರೆದಿಲ್ಲ. ವಿಳಾಸ ಕೊಡುವುದನ್ನು ಅವನೂ ಮರೆತ, ಕೇಳುವುದನ್ನು ನಾನೂ ಮರೆತೆ. ಅವನು ಹೋದಮೇಲೆ ಐದೂವರೆಗೆ ಕಚೇರಿಯಲ್ಲಿ ಕೂರುವುದಕ್ಕೂ ಅರ್ಥವಿಲ್ಲದೆ ಹೋಯಿತು.

ಮೂರನೆಯ ಭಾನುವಾರ ಮಾಗಡಿಗೆ ಹೋದೆ. ಕರೆದುಕೊಂಡು ಬರಲು ಹೋದೆ ಎಂದರೆ ಸುಳ್ಳಾಗುತ್ತದೆ, ಅಷ್ಟು ಧೈರ್ಯವಿರಲಿಲ್ಲ. ಅಂಚೆಯ ಮೇಲೆ ಹಾಕಿದ ತಪ್ಪು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಕಮಲ ನೀರಿಗೆ ಹೋಗಿದ್ದಳು. ಅವಳಣ್ಣ ಕೂರಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಅತ್ತೆ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಬೋಳು ಹಣೆಯ ಅವರನ್ನು ನೋಡಿ ನನಗೆ ಬಾಗಿಲಲ್ಲೇ ಹೆಜ್ಜೆ ನಿಂತಿತು. ಮೃದಂಗ ಅದೇ ಮೂಲೆಯಲ್ಲಿ ಹಸಿರು ಗವಸು ಹೊದ್ದು ಮಲಗಿತ್ತು.

"ಅತ್ತೆ" ಅಂದೆ, ನಿಂತುಕೊಂಡೇ. "ಕಾಗದ ಬುಧವಾರವೇ ಬಂದಿತ್ತು. ನಾನು ಕಮಲನಿಗೆ ಕೊಡಲಿಲ್ಲ. ಅಂಚೆಯವರದೇನೂ ತಪ್ಪಿಲ್ಲ."

ಅವಳಣ್ಣ ತಲೆ ತಗ್ಗಿಸಿದ. ಅವನು ತಗ್ಗಿಸಬೇಕಾದದ್ದೇನಿತ್ತೋ!

"ಗೊತ್ತಪ್ಪ" ಅಂದರು ಅತ್ತೆ. "ಗುರುವಾರ ಸಂಜೆ ತನಕ ಬಾಗಿಲ ಕಡೆ ನೋಡ್ತಾನೇ ಇದ್ರು. ಬಸ್ಸಿನ ಹಾರನ್ ಆದಾಗೆಲ್ಲ ಕಣ್ಣು ಬಿಡೋರು. ಆಮೇಲೆ ನೋಡೋದು ಬಿಟ್ರು." ಸೆರಗಿನಿಂದ ಮೂಗು ಒರೆಸಿಕೊಂಡರು. "ಹೊತ್ತಾಯ್ತು, ಕೈಕಾಲು ತೊಳ್ಕೊಳ್ಳಿ. ಊಟ ಮಾಡ್ಕೊಂಡು ಹೋಗಿ."

ಬೈದಿದ್ದರೆ ಬೈಸಿಕೊಂಡು ಬರುತ್ತಿದ್ದೆ. ಊಟ ಹಾಕಿದರು. ಕಮಲ ಬಿಂದಿಗೆ ಹೊತ್ತು ಬಂದವಳು ನನ್ನನ್ನು ಕಂಡು ಹೊಸಿಲಲ್ಲಿ ಅರೆಗಳಿಗೆ ನಿಂತು, ಒಳಕ್ಕೆ ಹೋಗಿ, ಮಜ್ಜಿಗೆ ತಂದು ಬಡಿಸಿದಳು. ಆ ತುತ್ತುಗಳು ಹೇಗೆ ಇಳಿದುವೋ ನನಗೆ ಗೊತ್ತಿಲ್ಲ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಡ್ರೈವರು ಹಾರನ್ ಮಾಡುತ್ತಲೇ ಇದ್ದ.

ಸಂಕ್ರಾಂತಿ ಕಳೆದು ಎರಡು ದಿನಕ್ಕೆ ಕಮಲ ಬಂದಳು. ನಾನು ಬಾಗಿಲು ತೆಗೆದೆ. ಅವಳು ಚೀಲ ಇಟ್ಟು, ಅಡುಗೆಮನೆಗೆ ಹೋಗಿ, ನಾನು ಜೋಡಿಸಿದ್ದ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಬೇರೆ ಥರ ಜೋಡಿಸಿದಳು. ಯಾಕೆ ಬಂದೆ ಎಂದು ನಾನು ಕೇಳಲಿಲ್ಲ. ಆಮೇಲೆ ಒಂದು ದಿನ ಅವಳೇ, "ಅಮ್ಮನಿಗೆ ನೀವೇ ಹೇಳಿದ್ರಂತಲ್ಲ" ಅಂದಳು. ಅಷ್ಟೇ. ಕ್ಷಮಿಸಿದೆ ಎಂದು ಯಾವತ್ತೂ ಹೇಳಲಿಲ್ಲ. ಸೊಪ್ಪಿನವಳ ಸುದ್ದಿ, ಮೋಡದ ಸುದ್ದಿ ಮತ್ತೆ ಬರಲಿಲ್ಲ. ಅವು ಮಾಗಡಿಯ ಆ ಮನೆಯಲ್ಲೇ ಎಲ್ಲೋ ಉಳಿದುಹೋದುವು.

ಆದರೆ ಒಂದು ವಾರದ ಮೇಲೆ ಕಿಟಕಿಯ ಕಟ್ಟೆಯ ಮೇಲಿದ್ದ ಬೊಂಗೊದ ಧೂಳನ್ನು ಅವಳು ಒರೆಸಿಟ್ಟಿದ್ದಳು. ಅದಕ್ಕೆ ನಾನು ನನಗೆ ಬೇಕಾದ ಅರ್ಥ ಹಚ್ಚಿಕೊಂಡು ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಮೆಲ್ಲಗೆ ಶುರುಮಾಡಿದೆ. ಅವಳು ಹೊಸಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಎಂಟು ಬಾರಿಸಿ ನಿಲ್ಲಿಸಿದೆ.

"ನಾಲ್ಕನೇದು ಆತುರವಾಯ್ತು" ಅಂದಳು, ಕಲ್ಲೊಂದನ್ನು ಆಚೆಗೆ ಎಸೆದು.

ಮತ್ತೆ ಬಾರಿಸಿದೆ.

"ಈಗ ಆರನೇದು ನುಂಗಿದ್ರಿ."

ಅಂದಿನಿಂದ ಇದೇ ನಮ್ಮ ಮಾತುಕತೆ. ಎಷ್ಟೋ ವರ್ಷಗಳಿಂದ ನಡೆದಿದೆ. ಬೀದಿಗೆ ಟಾರು ಬಂತು, ಹಿಂದಿನ ಹೊಲದಲ್ಲಿ ಮನೆಗಳೆದ್ದುವು, ಮುನಿಯಪ್ಪ ಹೋದ, ನನಗೆ ಪೆನ್ಷನ್ ಆಯಿತು. ಬೇರೆ ವಿಷಯಕ್ಕೆ ಎರಡು ಮಾತಿನಲ್ಲಿ ಮುಗಿಸುವವಳು ತಾಳದ ವಿಷಯಕ್ಕೆ ಬಂದರೆ ಐದು ನಿಮಿಷ ಬೈಯುತ್ತಾಳೆ. ಎಡಗೈ ಎಷ್ಟು ಸೋಮಾರಿ, ಬೆರಳು ಎಷ್ಟು ಬಿಗಿ, ಎಣಿಸುವಾಗ ಬಾಯಿ ಯಾಕೆ ಆಡಿಸಬೇಕು, ಎಲ್ಲ ಹೇಳುತ್ತಾಳೆ. ನಾನು ಡೋಲನ್ನು ತಬ್ಬಿಕೊಂಡು, ಒಂದು ಅಕ್ಷರವನ್ನೂ ಬಿಡದೆ ಕೇಳುತ್ತೇನೆ.

ಕಳೆದ ತಿಂಗಳು ಒಂದು ಬೆಳಿಗ್ಗೆ, ಹೇಗೋ ಏನೋ, ಎಂಟಕ್ಕೆ ಎಂಟೂ ಸರಿಯಾಗಿ ಬಿದ್ದುವು. ಒಂದು ಸುತ್ತಲ್ಲ, ನಾಲ್ಕು ಸುತ್ತು. ನನ್ನ ಕೈ ನನ್ನದೇ ಎಂದು ನಂಬಲಾಗಲಿಲ್ಲ. ಹೆಮ್ಮೆಯಿಂದ ಕಮಲನ ಕಡೆ ನೋಡಿದೆ. ಅವಳು ಏನೂ ಹೇಳದೆ, ಹೇಳುವುದಕ್ಕೆ ಏನೂ ಇಲ್ಲದ್ದರಿಂದ, ಮೊರ ಝಾಡಿಸಿ ಎದ್ದು ಒಳಗೆ ಹೊರಟಳು. ಐದನೆಯ ಸುತ್ತಿನಲ್ಲಿ ಬೇಕೆಂದೇ ಒಂದು ಪೆಟ್ಟು ತಪ್ಪಿಸಿದೆ.

"ಬೇಕು ಅಂತ ತಪ್ಪಿಸಿದ್ದು ಗೊತ್ತಾಗುತ್ತೆ" ಎಂದು ಒಳಗಿನಿಂದ ಬಂತು.

ಆಮೇಲೆ ಆ ಕೆಲಸ ಮಾಡಿಲ್ಲ. ಮಾಡಬೇಕಾಗಿಯೂ ಇಲ್ಲ. ಬೇಡವೆಂದರೂ ತಪ್ಪುವುದು ನನಗೆ ಬೇಕಾದಷ್ಟು ಬರುತ್ತದೆ.